ಅಮ್ಮನಿಗೆ, ಸಿಂಗಾಪುರದಿಂದ

ಅಮ್ಮನಿಗೆ ನಮಸ್ಕಾರ. ನಾನು ಚೆನ್ನಾಗಿದ್ದೇನೆ. ಅಪ್ಪ, ರಘು ಎಲ್ಲರೂ ಕ್ಷೇಮ ತಾನೆ?

ನಮ್ಮ ಬಿಲ್ಡಿಂಗ್ ಕೆಳಗೆ ಐದು ದಿನ ಹೆಣ ಇಟ್ಟಿದ್ದರು ಅಂತ ರಘು ಹೇಳಿದ್ದಕ್ಕೆ ನೀನು ಗಾಬರಿಯಾಗಿದ್ದೀಯ. ಅವನಿಗೆ ಹೇಳಿದ್ದೇ ತಪ್ಪು! ಇಲ್ಲಿನ ಸರ್ಕಾರಿ ಫ್ಲಾಟುಗಳ ಕೆಳಗೆ ಬರೀ ಕಂಬಗಳು, ಖಾಲಿ ಜಾಗ. ವಾಯ್ಡ್ ಡೆಕ್ ಅಂತಾರೆ. ಮಲಯರ ಮದುವೆಯೂ ಅಲ್ಲೇ, ಚೀನೀಯರ ಸಾವೂ ಅಲ್ಲೇ. ಟೌನ್ ಕೌನ್ಸಿಲ್ ಪರ್ಮಿಷನ್ ಕೊಡುತ್ತದೆ. ಮೂರು, ಐದು ಇಲ್ಲವೇ ಏಳು ದಿನ ಇಡುತ್ತಾರೆ, ಬೆಸ ಸಂಖ್ಯೆಯೇ ಆಗಬೇಕು. ವಾಸನೆ ಗೀಸನೆ ಏನೂ ಇಲ್ಲ.

ತೀರಿಕೊಂಡಿದ್ದು ಪಕ್ಕದ ಮನೆ ಅಜ್ಜಿ, ಅವರ ಹೊಸ ವರ್ಷಕ್ಕೆ ನನಗೆ ಕಿತ್ತಳೆ ಕೊಡುತ್ತಿದ್ದವರು. ಹೋಗದೆ ಇರೋದಕ್ಕಾಗುತ್ತಾ? ಊದುಬತ್ತಿ ಹಿಡಿದು ತಲೆ ಬಾಗಿಸಿದೆ. ಪಕ್ಕದ ಮೇಜಲ್ಲಿ ಕಡಲೆಕಾಯಿ, ಕಲ್ಲಂಗಡಿ ಬೀಜ, ಜ್ಯೂಸು. ರಾತ್ರಿಯಿಡೀ ಹೆಣ ಕಾಯಬೇಕಲ್ಲ, ನಿದ್ದೆ ಬರಬಾರದು ಅಂತ ಇಸ್ಪೀಟು ಆಡುತ್ತಾರೆ! ದೊಡ್ಡಪ್ಪ ನೋಡಿದ್ದರೆ ಕೋಲು ಹಿಡಿಯುತ್ತಿದ್ದರು. ಹೊರಡುವಾಗ ಒಂದು ಕೆಂಪು ದಾರ, ಒಂದು ಮಿಠಾಯಿ ಕೊಟ್ಟರು. ದಾರವನ್ನು ಮನೆಯೊಳಗೆ ತರಬಾರದಂತೆ, ಎಸೆದೆ. ತಲೆಗೂ ಸ್ನಾನ ಮಾಡಿದೆ. ಸಮಾಧಾನ ಆಯ್ತಾ?

ಕೊನೆಯ ರಾತ್ರಿ ಕಾಗದದ ಮನೆ ಸುಟ್ಟರು. ನನ್ನೆತ್ತರದ ಮನೆ, ಒಳಗೆ ಕಾಗದದ ಕಾರು, ಕಾಗದದ ಮೊಬೈಲು, ಕಟ್ಟುಗಟ್ಟಲೆ ಯಮಲೋಕದ ನೋಟು. ಮಕ್ಕಳು ಮೊಮ್ಮಕ್ಕಳೆಲ್ಲ ಕೈ ಕೈ ಹಿಡಿದು ಬೆಂಕಿ ಸುತ್ತ ನಿಂತರು. ಸುಟ್ಟಿದ್ದೆಲ್ಲ ಅಜ್ಜಿಗೆ ತಲುಪುತ್ತದಂತೆ, ಅದನ್ನು ಅಲೆಮಾರಿ ದೆವ್ವಗಳು ನುಗ್ಗಿ ಕಿತ್ತುಕೊಳ್ಳಬಾರದು ಅಂತ. ಅಜ್ಜಿಯ ಮಗ ನಿಮ್ಮಲ್ಲಿ ಹೇಗೆ ಅಂತ ಕೇಳಿದ. ಕಾಗೆಗೆ ಪಿಂಡ ಇಡ್ತೀವಿ, ಮುಟ್ಟದಿದ್ದರೆ ಸತ್ತವರಿಗೆ ಏನೋ ಆಸೆ ಉಳಿದಿದೆ ಅಂತ ಲೆಕ್ಕ ಅಂದೆ. ಅವನು ನಗಲಿಲ್ಲ. ಆಸೆ ಏನು ಅಂತ ಹೇಗೆ ಗೊತ್ತಾಗುತ್ತೆ ಅಂದ.

ಆಮೇಲೆ ಹೆಣವನ್ನು ಮಂಡಾಯಿ ಚಿತಾಗಾರಕ್ಕೆ ಒಯ್ದು ಸುಟ್ಟರು. ಹೂಳಲು ಇಲ್ಲಿ ಜಾಗವೆಲ್ಲಿ? ಚೋವಾ ಚು ಕಾಂಗ್ ಸ್ಮಶಾನ ಒಂದೇ, ಅಲ್ಲೂ 15 ವರ್ಷ ಆದ ಮೇಲೆ ತೆಗೆದುಬಿಡುತ್ತಾರೆ.

ಈಗ ದುಡ್ಡಿನ ವಿಷಯ. ಬಂದವರೆಲ್ಲ ಬಿಳಿ ಕವರಲ್ಲಿ ದುಡ್ಡು ಕೊಟ್ಟರು, ನಾನೂ ಕೊಟ್ಟೆ. ಮದುವೆಯ ಮುಯ್ಯಿ ಥರ ಪುಸ್ತಕದಲ್ಲಿ ಹೆಸರು, ಮೊತ್ತ ಬರೆದುಕೊಂಡರು. ಖರ್ಚಿನ ಭಾರ ಅಷ್ಟರಮಟ್ಟಿಗೆ ಇಳಿಯಿತು. ನಮ್ಮಲ್ಲಿ ಬಂದವರು ಉಂಡು ಹೋಗುತ್ತಾರೆ, ಸಾಲ ಮನೆಯವರಿಗೆ. ನಮ್ಮಜ್ಜಿಯ ವರ್ಷಾಂತಿಕಕ್ಕೆ 300 ಜನಕ್ಕೆ ಊಟ, ಅದಕ್ಕೆ ತೋಟದ ಮೇಲೆ ಸೊಸೈಟಿ ಸಾಲ ಅಂತ ಬರೆದಿದ್ದೀಯಲ್ಲ, ಓದಿ ನಿದ್ದೆ ಬರಲಿಲ್ಲ. ಕೊಳೆರೋಗ ಬಂದು ಅಡಿಕೆ ಉದುರಿದ ವರ್ಷ ಇದು. ದೊಡ್ಡಪ್ಪನಿಗೆ ಮರ್ಯಾದೆ, ಕಂತು ಕಟ್ಟೋದು ಅಪ್ಪ. ಹೊಸ ಸೀರೆ ತಂದರೂ ಎಷ್ಟು ಕೊಟ್ಟೆ ಅಂತ ಬೈಯುತ್ತಿದ್ದ ಅಜ್ಜಿ ಇದನ್ನು ಒಪ್ಪುತ್ತಿದ್ದಳಾ? ಪುರೋಹಿತರನ್ನು ಕರೆದು ಶ್ರಾದ್ಧ ಸರಿಯಾಗಿ ಮಾಡಿ, ಹತ್ತಿರದವರಿಗೆ ಊಟ ಹಾಕಿ, ಸಾಕು. ಅಷ್ಟಕ್ಕೆ ನಾನು ಕಳಿಸುತ್ತೇನೆ. ಅಪ್ಪ ಯಾವ ಕಾಗದಕ್ಕೂ ಸಹಿ ಹಾಕುವುದು ಬೇಡ. ದೊಡ್ಡಪ್ಪನ ಹತ್ತಿರ ಭಾನುವಾರ ನಾನೇ ಮಾತಾಡುತ್ತೇನೆ, ನೀನು ಬಾಯಿ ಬಿಡಬೇಡ.

ನನ್ನ ಬಗ್ಗೆ ಯೋಚನೆ ಮಾಡಬೇಡ. ಚೆನ್ನಾಗಿ ಊಟ ಮಾಡ್ತೀನಿ, ನಿದ್ದೆ ಮಾಡ್ತೀನಿ, ದೆವ್ವ ಗಿವ್ವ ಏನೂ ಬಂದಿಲ್ಲ, ದುಡ್ಡೂ ಬೇಕಾದಷ್ಟಿದೆ. ಡ್ಯೂಟಿಗೆ ಹೊತ್ತಾಯ್ತು. ಅಪ್ಪನ ಬಿಪಿ ಮಾತ್ರೆ ತಪ್ಪಿಸಬೇಡ.

ನಿನ್ನ
ಸುಮಾ