ಕಮಿ ಕೂತಿದ್ದ ಜಾಗ: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ಇವತ್ತು ಜೂನ್ 21. ಏನು ದಿನ ಅಂತ ನಿನಗೆ ಹೇಳಬೇಕಾಗಿಲ್ಲ. ಫೋನ್ ಮಾಡೋಣ ಅಂದುಕೊಂಡೆ, ಆಮೇಲೆ ಬೇಡ ಅನ್ನಿಸಿತು. ಹೋದ ವಾರ ನಮ್ಮ ಆ ಜಪಾನಿ ರಾಕ್ ತಂಡ ಮ್ಯಾಲಿಸ್ ಮಿಜರ್ ಮತ್ತು ಅದರ ಗಾಯಕ ಗಾಕ್ಟ್‌ನ ಬಗ್ಗೆ ಮಾತಾಡುವಾಗ ನೀನು ಮತ್ತೆ ಅದೇ ಹಳೇ ಮಾತು ತೆಗೆದೆ. "ಗಾಕ್ಟ್ ಬಿಟ್ಟು ಹೋದ ದಿನವೇ ಮ್ಯಾಲಿಸ್ ಮಿಜರ್ ಮುಗೀತು ಕಣೋ. ಆಮೇಲಿನದ್ದೆಲ್ಲ ಸುಮ್ನೆ ಎಳೆದದ್ದು." ಆಗ ನನಗೆ ಸರಿಯಾಗಿ ಉತ್ತರ ಕೊಡಲು ಆಗಲಿಲ್ಲ. ಫೋನಿನಲ್ಲಿ ಹೇಳಿದ್ದರೆ ಜಗಳದ ಹಾಗೆ ಕೇಳಿಸುತ್ತಿತ್ತು. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಹಾಸ್ಟೆಲಿನ ಆ ರಾತ್ರಿ ನೆನಪಿದೆಯಾ? ನಾವು ಅವರನ್ನು ಕಂಡುಕೊಳ್ಳುವ ಹೊತ್ತಿಗೆ ತಂಡ ನಿಂತು ಆರೇಳು ವರ್ಷ ಆಗಿಹೋಗಿತ್ತು. ಅದು ನಮಗೆ ಗೊತ್ತೇ ಇರಲಿಲ್ಲ. ನಿನ್ನ ಪೆನ್‌ಡ್ರೈವ್‌ನಲ್ಲಿ ಒಂದು ಲೈವ್ ವಿಡಿಯೊ ಇತ್ತು, 'ಗೆಕ್ಕಾ ನೋ ಯಸೋಕ್ಯೋಕು'. ಬೆಳದಿಂಗಳ ಕೆಳಗಿನ ರಾತ್ರಿಯ ಸಂಗೀತ ಅಂತ ಅದರ ಅರ್ಥ ಅನ್ನೋದು ಆಮೇಲೆ ಗೊತ್ತಾಯಿತು. ಚಿತ್ರ ಚೌಕ ಚೌಕವಾಗಿ ಒಡೆಯುತ್ತಿತ್ತು. ಆ ಮಸುಕಿನಲ್ಲೇ ಮನಾ ಮತ್ತು ಕೋಜಿ ಗಿಟಾರ್ ಪಕ್ಕಕ್ಕಿಟ್ಟು, ಕೀಲಿ ಕೊಟ್ಟ ಗೊಂಬೆಗಳ ಹಾಗೆ ಕೈ ತಿರುಗಿಸಿ ತಿರುಗಿಸಿ ಕುಣಿದರು. ರಾಕ್ ತಂಡದ ಗಿಟಾರಿಸ್ಟ್‌ಗಳು ಗಿಟಾರನ್ನೇ ಬಿಟ್ಟು ಕುಣಿಯುವುದನ್ನು ನಾವು ಅಲ್ಲಿಯವರೆಗೆ ಎಲ್ಲಿ ನೋಡಿದ್ದೆವು?

ಮನಾ ಹುಡುಗಿಯಲ್ಲ ಅಂತ ಗೊತ್ತಾದಾಗ ರೂಮಿನಲ್ಲಿ ಎಲ್ಲರೂ ನಕ್ಕರು. ನೀನು ಮಾತ್ರ ನಗಲಿಲ್ಲ. ಮೇಳದ ಆಟ ನೋಡುತ್ತಾ ಬೆಳೆದವನು ನೀನು. "ನಮ್ಮ ಕಡೆ ಸ್ತ್ರೀವೇಷಕ್ಕೆ ನಗೋದಿಲ್ಲ, ಕೈ ಮುಗೀತೀವಿ" ಅಂದೆ. ಜಪಾನಿನಲ್ಲೂ ಅದು ಹೊಸದಲ್ಲ. 1629ರಲ್ಲಿ ಹೆಂಗಸರು ಕಬುಕಿ ಅನ್ನುವ ನಾಟಕದ ರಂಗ ಹತ್ತಬಾರದು ಅಂತ ಅಲ್ಲಿನ ಸರ್ಕಾರ ತಡೆದ ಮೇಲೆ ಗಂಡಸರೇ ಆ ಪಾತ್ರಗಳನ್ನು ಕಟ್ಟುತ್ತಾ ಬಂದರು. ಮನಾ ಅದಕ್ಕೆ ಇನ್ನೊಂದನ್ನು ಸೇರಿಸಿದ, ಮೌನ. ಜನರ ಮುಂದೆ ಬಾಯಿ ಬಿಟ್ಟು ಮಾತೇ ಆಡುವುದಿಲ್ಲ. ಸಂದರ್ಶನದಲ್ಲೂ ಪಕ್ಕದವರ ಕಿವಿಯಲ್ಲಿ ಪಿಸುಗುಟ್ಟುತ್ತಾನೆ, ಅವರು ಅದನ್ನು ಹೇಳುತ್ತಾರೆ. ಅಂಥವನು ಎರಡು ಗಿಟಾರುಗಳಿಗೆ ಹಾರ್ಪ್ಸಿಕಾರ್ಡ್ ಅನ್ನುವ ಹಳೇ ಕೀಲಿಮಣೆ ವಾದ್ಯದ ಹಾಗೆ ಜಡೆ ಹೆಣೆಯುವ ಸಂಗೀತ ಬರೆದ. ಮಾತಿಗೆ ಬದಲು ಅದೇ ಸಾಕಿತ್ತು ಅವನಿಗೆ.

ಸರಿ, ನಿನ್ನ ವಾದಕ್ಕೆ ಬರುತ್ತೇನೆ.

1992ರಲ್ಲಿ ಮನಾ, ಕೋಜಿ ಸೇರಿ ಕಟ್ಟಿದ ತಂಡ ಅದು. ಮ್ಯಾಲಿಸ್ ಅಂದರೆ ಕೇಡು, ಮಿಜರಿ ಅಂದರೆ ಸಂಕಟ. ಮನುಷ್ಯ ಅಂದರೆ ಏನು ಅನ್ನುವ ಪ್ರಶ್ನೆಗೆ ಅವರು ಕೊಟ್ಟುಕೊಂಡ ಉತ್ತರ ಆ ಹೆಸರು. ಮೊದಲ ಗಾಯಕ ತೆತ್ಸು ಹೋದ, 1995ರಲ್ಲಿ ಗಾಕ್ಟ್ ಬಂದ. 1998ರಲ್ಲಿ 'ಮೆರ್ವೆಯ್' ಆಲ್ಬಂ. ಆ ವರ್ಷ ಅವರು ಯೊಕೊಹಾಮಾ ಅರೀನಾದಲ್ಲಿ ನುಡಿಸಿದ್ದನ್ನು ನೀನು ನನಗಿಂತ ಜಾಸ್ತಿ ಸಲ ನೋಡಿದ್ದೀಯ. ಗಾಕ್ಟ್‌ನ ದನಿ ಇಲ್ಲದೆ ಆ ಎತ್ತರ ಸಿಗುತ್ತಿರಲಿಲ್ಲ. ಒಪ್ಪುತ್ತೇನೆ, ಮನಸಾರೆ ಒಪ್ಪುತ್ತೇನೆ. 1999ರ ಜನವರಿಯಲ್ಲಿ ಅವನು ತಂಡ ಬಿಟ್ಟ. ಯಾಕೆ ಬಿಟ್ಟ ಅನ್ನೋದಕ್ಕೆ ಒಬ್ಬೊಬ್ಬರದ್ದು ಒಂದೊಂದು ಕಥೆ. ಅದನ್ನು ಕೆದಕುವುದು ನಮಗೆ ಬೇಡ.

ಆದರೆ ಆ ಜೂನ್ 21ಕ್ಕೆ ಆದದ್ದು ಬೇರೆ ಥರದ್ದು. ತಂಡದ ಡ್ರಮ್ಮರ್ ಕಮಿ ತೀರಿಕೊಂಡ. ಮೆದುಳಿನ ಸುತ್ತ ರಕ್ತಸ್ರಾವ. 27 ವರ್ಷ, ಅಷ್ಟೇ. ಗಾಯಕ ಹೋಗಿ ಆರು ತಿಂಗಳೂ ಆಗಿರಲಿಲ್ಲ.

ಆಗ ಉಳಿದ ಮೂವರು, ಮನಾ, ಕೋಜಿ, ಯೂಕಿ, ಏನು ಮಾಡಿದರು ನೋಡು. ಹೊಸ ಗಾಯಕನನ್ನು ಹುಡುಕಿದರು, ಕ್ಲಾಹಾ ಸಿಕ್ಕಿದ. ಹೊಸ ಡ್ರಮ್ಮರ್‌ನನ್ನು ಮಾತ್ರ ತಂಡಕ್ಕೆ ಸೇರಿಸಿಕೊಳ್ಳಲೇ ಇಲ್ಲ. ಡ್ರಮ್ಸ್ ನುಡಿಸಲು ಬೇರೆಯವರು ಬಂದರು, ಸಹಾಯಕ್ಕೆ ಅಂತ ಬಂದು ಹೋದರು. ಕಮಿಯ ಜಾಗ ಕಮಿಗೇ. ಆಲ್ಬಂನ ಹೆಸರುಗಳ ಪಟ್ಟಿಯಲ್ಲಿ ಅವನನ್ನು 'ಎಂದೆಂದಿಗೂ ನಮ್ಮ ರಕ್ತಸಂಬಂಧಿ' ಅಂತ ಬರೆದರು. ಅವನು ಬರೆದಿಟ್ಟುಹೋದ ಹಾಡುಗಳನ್ನು 2000ದ ಫೆಬ್ರವರಿ 1ಕ್ಕೆ, ಅವನ ಹುಟ್ಟುಹಬ್ಬದ ದಿನವೇ, 'ಶಿನ್ವಾ' ಅನ್ನುವ ಹೆಸರಿನಲ್ಲಿ ಹೊರತಂದರು. ಶಿನ್ವಾ ಅಂದರೆ ಪುರಾಣಕಥೆ. ಅದನ್ನು ಬರೆಯುವ ಎರಡು ಅಕ್ಷರಗಳಲ್ಲಿ ಮೊದಲನೆಯದನ್ನು ಒಂಟಿಯಾಗಿ ಓದಿದರೆ ಕಮಿ ಅಂತಲೇ ಆಗುತ್ತದೆ, ದೇವರು ಅಂತ.

ನೀನು 'ಎಳೆದದ್ದು' ಅನ್ನುವ ಕಾಲ ಇದೇ. 'ಬರಾ ನೋ ಸೇದೋ' ಆಲ್ಬಂ ಬಂದದ್ದು ಆ ಆಗಸ್ಟ್‌ನಲ್ಲಿ. ಗುಲಾಬಿಯ ಚರ್ಚು ಅಂತ ಅರ್ಥ. ಮೊದಲಿನ ಸಂಗೀತದಲ್ಲಿದ್ದ ಫ್ರೆಂಚ್ ಹಾಡಿನ ನಗು, ನಾಜೂಕು ಎಲ್ಲ ಹೋಗಿ ಪೈಪ್ ಆರ್ಗನ್ ಬಂತು, ಗುಂಪುದನಿ ಬಂತು, ಕತ್ತಲೆ ಬಂತು. ನಿನಗೆ ಅದು ಭಾರ ಅನ್ನಿಸುತ್ತದೆ. ಭಾರವೇ ಕಣೋ, ಭಾರ ಇರಲೇಬೇಕು! ಮನೆಯಲ್ಲಿ ಸಾವಾದವರು ನುಡಿಸಿದ ಸಂಗೀತ ಅದು. ಟೋಕಿಯೋದ ಬುಡೋಕಾನ್ ಸಭಾಂಗಣದಲ್ಲಿ ರಂಗದ ತುಂಬ ಚರ್ಚನ್ನೇ ಎಬ್ಬಿಸಿ, ಎರಡು ರಾತ್ರಿ ನುಡಿಸಿದರು. ನನಗೆ ಅದು ರಾಕ್ ಶೋ ಹಾಗೆ ಕಾಣಿಸುವುದೇ ಇಲ್ಲ, ತಿಥಿಯ ಹಾಗೆ ಕಾಣಿಸುತ್ತದೆ. ಒಂದೇ ಒಂದು ಸಲ, ಕತ್ತಲೆಯಲ್ಲಿ, ನಡುವೆ ನಿಲ್ಲಿಸದೆ ಕೇಳು. ಆಮೇಲೆ ಬೈಯುವುದಿದ್ದರೆ ಬೈ.

2001ರ ಡಿಸೆಂಬರ್ 11ಕ್ಕೆ ಅವರು ಚಟುವಟಿಕೆ ನಿಲ್ಲಿಸಿದರು. ಮನಾ ಮುಂದೆ ಮುವಾ ದಿ ಮುವಾ ಅನ್ನುವ ತಂಡ ಕಟ್ಟಿದ. ಗಾಕ್ಟ್ ಆ ಹೊತ್ತಿಗೆ ಒಬ್ಬನೇ ದೊಡ್ಡ ಹೆಸರಾಗಿದ್ದ.

ಟೋಕಿಯೋಗೆ ಆಫೀಸ್ ಕೆಲಸದ ಮೇಲೆ ಹೋಗಿದ್ದೆನಲ್ಲ, ಆಗ ನಡೆದ ಒಂದು ವಿಷಯ ನಿನಗೆ ಹೇಳಿಯೇ ಇಲ್ಲ. ಭಾನುವಾರ ಹರಾಜುಕುಗೆ ಹೋದೆ. ಸ್ಟೇಷನ್ ಪಕ್ಕದ ಜಿಂಗೂ ಸೇತುವೆಯ ಮೇಲೆ ಒಂದು ಕಾಲದಲ್ಲಿ ಮನಾನ ಹಾಗೆ ಕಪ್ಪು ಲೇಸಿನ ಬಟ್ಟೆ ತೊಟ್ಟ ಹುಡುಗಿಯರು ಸೇರುತ್ತಿದ್ದರು. ಅವತ್ತು ಅಲ್ಲಿ ನನ್ನ ಹಾಗೆ ಫೋಟೊ ತೆಗೆಯಲು ಬಂದವರು ಮಾತ್ರ ಇದ್ದರು. ಅಲ್ಲಿಂದ ಒಂದು ಹಳೇ ಸಿಡಿ ಅಂಗಡಿಗೆ ಹೋಗಿ 'ಮೆರ್ವೆಯ್' ಹುಡುಕಿದೆ. ಸಿಕ್ಕಿತು. ಪಕ್ಕಕ್ಕೆ ಸುತ್ತುವ ಆ ಕಾಗದದ ಪಟ್ಟಿ ಕೂಡ ಹಾಗೇ ಇತ್ತು.

ಕೌಂಟರಿನಲ್ಲಿದ್ದವರಿಗೆ ನಲವತ್ತು ದಾಟಿರಬೇಕು. ಡಿಸ್ಕ್ ತೆಗೆದು ಬೆಳಕಿಗೆ ಓರೆಯಾಗಿ ಹಿಡಿದು ಗೀರು ಇದೆಯಾ ಅಂತ ನೋಡಿದರು. ಒಳಗಿನ ಪುಸ್ತಕ ಬಿಚ್ಚಿದರು, ಪುಟ ಹರಿದಿಲ್ಲ ಅಂತ ನನಗೆ ತೋರಿಸಲು. ಹೆಸರುಗಳಿದ್ದ ಪುಟ ಬಂದಾಗ ಅವರ ಕೈ ನಿಂತಿತು. ಒಂದು ಹೆಸರಿನ ಕೆಳಗೆ ಬೆರಳಿಟ್ಟು "ಕಮಿ-ಸಾಮಾ" ಅಂದರು, ಮೆಲ್ಲಗೆ, ಗೌರವದಿಂದ ಕರೆಯುವ ಹಾಗೆ. ಆಮೇಲೆ 1998 ಅನ್ನುವ ಅಂಕಿ ತೋರಿಸಿ, ಅದೇ ಬೆರಳನ್ನು ತಮ್ಮ ಎದೆಯ ಮೇಲಿಟ್ಟರು. ಆಗ ನಾನಿದ್ದೆ ಅಂತ. ನನಗೆ ಅವರ ಭಾಷೆ ಬರುವುದಿಲ್ಲ, ಅವರಿಗೆ ನನ್ನದು ಬರುವುದಿಲ್ಲ. ಇಬ್ಬರೂ ತಲೆ ಬಾಗಿಸಿದೆವು. ಅವರು ಸಿಡಿಯನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ, ಅಂಚು ಮಡಿಸಿ ಅಂಟಿಸಿ, ಎರಡೂ ಕೈಯಲ್ಲಿ ಹಿಡಿದು ಕೊಟ್ಟರು.

ಅವರು ಒಂದು ತಂಡವನ್ನು ಕಳೆದುಕೊಂಡವರು. ನಾವು ಮುಗಿದ ಮೇಲೆ ಬಂದವರು. ಆದರೂ ಆ ಹೆಸರಿನ ಹತ್ತಿರ ನಾವೂ ಅವರ ಹಾಗೇ ನಿಲ್ಲುತ್ತೇವೆ, ಅಲ್ವಾ?

2018ರ ಸೆಪ್ಟೆಂಬರ್ 8, 9ಕ್ಕೆ ಟೋಕಿಯೋದ ಟೊಯೊಸುವಿನಲ್ಲಿ 25ನೇ ವರ್ಷದ ನೆನಪಿಗೆ ಮತ್ತೆ ರಂಗಕ್ಕೆ ಬಂದರಲ್ಲ, ಆಗಲೂ ಮ್ಯಾಲಿಸ್ ಮಿಜರ್ ಅಂತ ನಿಂತವರು ಮನಾ, ಕೋಜಿ, ಯೂಕಿ ಮೂವರೇ. ಹಾಡಲು, ಡ್ರಮ್ಸ್‌ಗೆ ಅತಿಥಿಗಳು. ಗಾಕ್ಟ್ ಯಾಕೆ ಬರಲಿಲ್ಲ ಅಂತ ನೀನು ಅವತ್ತೆಲ್ಲ ಬೇಜಾರು ಮಾಡಿಕೊಂಡಿದ್ದೆ. ನಾನು ನೋಡುತ್ತಿದ್ದದ್ದು ಬೇರೆ. ಹತ್ತೊಂಬತ್ತು ವರ್ಷ ಆದ ಮೇಲೂ ಡ್ರಮ್ಸ್ ಹಿಂದೆ ಕೂತವನು ಅತಿಥಿಯೇ. ಇದೇ ನನ್ನ ಉತ್ತರ.

ಒಂದು ಕೆಲಸ ಮಾಡು. ಆ ಹಳೇ ಪೆನ್‌ಡ್ರೈವ್ ಎಲ್ಲಾದರೂ ಬಿದ್ದಿದ್ದರೆ ಹುಡುಕು. ಅದರಲ್ಲಿದ್ದ 'ಗೆಕ್ಕಾ ನೋ ಯಸೋಕ್ಯೋಕು' ಕೊನೆಗೆ ಬರುವಷ್ಟರಲ್ಲಿ ಟಕ್ ಅಂತ ಕಟ್ ಆಗುತ್ತಿತ್ತು, ನೆನಪಿದೆಯಾ? ಈಗ ನನ್ನ ಹತ್ತಿರ ಪೂರ್ತಿ ಹಾಡಿದೆ. ಆದರೂ ಆ ಜಾಗ ಬಂದಾಗ ಪ್ರತಿ ಸಲ ಉಸಿರು ಹಿಡಿಯುತ್ತೇನೆ. ಆ ಫೈಲ್ ಸಿಕ್ಕಿದರೆ ಕಳಿಸು.

ನಿನ್ನವನೇ