ಝಟಕಾ ಮಷಿನ್ ಅಳೆಯುವ ಪ್ರೋಬ್: ಮಾಡುವವರು ಗಮನಿಸಿ

ಎಲ್ಲರಿಗೂ ನಮಸ್ಕಾರ. ಹೊಲದ ಬೇಲಿಗೆ ಶಾಕ್ ಕೊಡುವ ಝಟಕಾ ಮಷಿನ್ ರಿಪೇರಿಗೆ ಬಂದರೆ ಸುಮ್ನೆ, ವೋಲ್ಟೇಜಿನ ಏರಿಳಿತ ಪರದೆ ಮೇಲೆ ತೋರಿಸುವ ಸ್ಕೋಪ್‌ಗೆ ನೇರ ಕೊಡಬೇಡಿ. ಮಷಿನ್ನಿನ ಪಲ್ಸ್ (ಕ್ಷಣಮಾತ್ರದ ಹೊಡೆತ) 8,000 ವೋಲ್ಟ್ ಮುಟ್ಟಬಹುದು. ವೋಲ್ಟೇಜನ್ನು ಹತ್ತರಲ್ಲಿ ಒಂದು ಪಾಲಿಗೆ ಇಳಿಸಿ ಸ್ಕೋಪಿಗೆ ಕೊಡುವ ಮಾಮೂಲಿ 10ಎಕ್ಸ್ ಪ್ರೋಬ್ ತಡೆಯುವುದು ಕೆಲವು ನೂರು ವೋಲ್ಟ್ ಮಾತ್ರ.

ಇದಕ್ಕೆ ತಕ್ಕ ಪ್ರೋಬ್ ಮನೆಯಲ್ಲೇ ಮಾಡುವವರು 10 ಮೆಗಾಓಮ್‌ನ 50 ರೆಸಿಸ್ಟರ್‌ಗಳನ್ನು ಸಾಲಾಗಿ ಬೆಸುಗೆ ಹಾಕಿ. ಸಾಮಾನ್ಯ ಕಾಲು ವ್ಯಾಟ್ ರೆಸಿಸ್ಟರ್ ತಡೆಯುವುದು ಸುಮಾರು 250 ವೋಲ್ಟ್. 10,000 ಬಂದರೂ ಹೀಗೆ ಒಂದೊಂದರ ಮೇಲೆ 200 ಬೀಳುತ್ತದೆ. ಕೆಳತುದಿಯಿಂದ ಅರ್ಥ್‌ಗೆ 1 ಮೆಗಾಓಮ್ ಪ್ರೋಬ್ ಒಳಗೇ ಇರಲಿ. ಸ್ಕೋಪಿನ ಒಳಗಿನ 1 ಮೆಗಾಓಮ್ ಅದಕ್ಕೆ ಪ್ಯಾರಲಲ್ ಆಗಿ ಸೇರಿ ಅರ್ಧ ಮೆಗಾಓಮ್ ಆಗುತ್ತದೆ, ಹಾಗಾಗಿ ಸಾವಿರದಲ್ಲಿ ಒಂದು ಪಾಲು ಸಿಗುತ್ತದೆ. ಕೇಬಲ್ ಕಳಚಿದರೂ ಪೂರ್ತಿ ವೋಲ್ಟೇಜ್ ಆ ತುದಿಗೆ ಬರುವುದಿಲ್ಲ.

ಇಷ್ಟಕ್ಕೇ ಬಿಟ್ಟರೆ ಡಿಸಿ ಸರಿ ತೋರಿಸುತ್ತದೆ, ಝಟಕಾ ಪಲ್ಸ್ ಮಾತ್ರ ಕುಳ್ಳಗೆ ಕಾಣುತ್ತದೆ. ಕೇಬಲ್ಲಿನ ಕೆಪಾಸಿಟೆನ್ಸ್ (ಚಾರ್ಜ್ ಹಿಡಿದಿಡುವ ಗುಣ) ಅದನ್ನು ನುಂಗುತ್ತದೆ. ಪ್ರತಿ ರೆಸಿಸ್ಟರಿಗೂ ಅಡ್ಡಲಾಗಿ 100 ಪಿಕೊಫ್ಯಾರಡ್, 1 ಕೆವಿ (1,000 ವೋಲ್ಟ್) ಸೆರಾಮಿಕ್ ಕೆಪಾಸಿಟರ್ ಹಾಕಿ. ಕೆಳಗೆ ಕೇಬಲ್, ಸ್ಕೋಪ್ ಸೇರಿ ಒಟ್ಟು 2,000 ಪಿಕೊಫ್ಯಾರಡ್ ಇರಲಿ. ಸ್ಕ್ವೇರ್ ವೇವ್ (ಚೌಕಾಕಾರದ ಸಿಗ್ನಲ್) ಕೊಟ್ಟು, ಪರದೆಯಲ್ಲಿ ಅದರ ಮೂಲೆ ನೇರವಾಗುವ ತನಕ ಕೆಳಗಿನ ಕೆಪಾಸಿಟೆನ್ಸ್ ಹೊಂದಿಸಿ. ಈ ಕೆಲಸಕ್ಕೆ ತಾಳ್ಮೆ ಬೇಕು.

ನಮ್ಮ ರಾಯಚೂರಿನ ಧೂಳು, ಬೆವರುಗೈ ಜಿಡ್ಡು ಕೂಡ ಕರೆಂಟಿಗೆ ದಾರಿಯೇ. ಸ್ಪಿರಿಟ್‌ನಲ್ಲಿ ಒರೆಸಿ, ದಪ್ಪ ಪಿವಿಸಿ ಪೈಪಿನೊಳಗೆ ಮುಚ್ಚಿ. ಅರ್ಥ್ ಕ್ಲಿಪ್ ಮೊದಲು ಹಾಕಿ. ಸ್ಕೋಪಿನ ಅರ್ಥ್ ಪಿನ್ ತೆಗೆಯಲೇಬೇಡಿ. ಮೈಕ್ರೋವೇವ್ ಓವನ್ ಹತ್ತಿರ ಮಾತ್ರ ಈ ಪ್ರೋಬ್ ಒಯ್ಯಬೇಡಿ. ಅಲ್ಲಿ ಕರೆಂಟ್ ಜಾಸ್ತಿ, ಜೀವಕ್ಕೇ ಅಪಾಯ.