ಐಸ್‌ಕ್ರೀಂ ಯಂತ್ರ ಕೊಳ್ಳುವ ಮೊದಲು ಮನೆಯ ಫ್ರೀಜರ್ ನೋಡಿ

ಮಾನ್ಯ ಸಂಪಾದಕರೇ,

ಬೇಸಿಗೆ ಕಾಲಿಡುತ್ತಿದ್ದಂತೆ ಮನೆಯಲ್ಲೇ ಐಸ್‌ಕ್ರೀಂ ತಯಾರಿಸುವ ಯಂತ್ರಗಳ ಜಾಹೀರಾತು ಎಲ್ಲೆಡೆ ಕಾಣಿಸಿಕೊಳ್ಳುತ್ತದೆ. ಇಪ್ಪತ್ತು ಮೂವತ್ತು ನಿಮಿಷಗಳಲ್ಲಿ ಐಸ್‌ಕ್ರೀಂ ಸಿದ್ಧ ಎಂಬ ಭರವಸೆ ದಪ್ಪ ಅಕ್ಷರಗಳಲ್ಲಿರುತ್ತದೆ. ಅದಕ್ಕೂ ಮೊದಲು ಯಂತ್ರದ ಬಟ್ಟಲು ಹೆಚ್ಚುಕಡಿಮೆ ಒಂದು ಇಡೀ ದಿನ ಫ್ರೀಜರಿನಲ್ಲಿ ಕೂತಿರಬೇಕು, ಆ ಫ್ರೀಜರ್ ಮೈನಸ್ 18 ಡಿಗ್ರಿ ಸೆಲ್ಸಿಯಸ್‌ನಷ್ಟು ತಣ್ಣಗಿರಬೇಕು ಎಂಬ ಸಂಗತಿ ಮಾತ್ರ ಅನೇಕ ವೇಳೆ ಪೆಟ್ಟಿಗೆಯೊಳಗಿನ ಕೈಪಿಡಿಯಲ್ಲಿ, ಅಂದರೆ ಹಣ ಕೊಟ್ಟು ಮನೆಗೆ ತಂದಾದ ಮೇಲೆ ತಿಳಿಯುತ್ತದೆ. ನಮ್ಮ ಬೀದಿಯ ಮನೆಯೊಂದರಲ್ಲಿ ಹೀಗೆ ತಂದ ಯಂತ್ರವು ಒಂದೇ ಬಾಗಿಲಿನ ಹಳೆಯ ಫ್ರಿಜ್ಜಿನ ಪುಟ್ಟ ಫ್ರೀಜರಿನೊಳಗೆ ಬಟ್ಟಲನ್ನು ಇಡಲಾಗದೆ ಅಟ್ಟ ಸೇರಿದೆ. ಮಕ್ಕಳಿಗೆ ಒಳ್ಳೆಯ ತಿನಿಸು ಕೊಡಬೇಕೆಂಬ ಆಸೆಯಿಂದ ಉಳಿಸಿದ ಹಣ ಹೀಗೆ ವ್ಯರ್ಥವಾಗಬಾರದೆಂಬ ಕಳಕಳಿಯಿಂದ ಈ ಪತ್ರ ಬರೆಯುತ್ತಿದ್ದೇನೆ.

ಈ ಯಂತ್ರ ಮಾಡುವ ಕೆಲಸ ಇಷ್ಟು. ಹಾಲು, ಕೆನೆ, ಸಕ್ಕರೆಗಳ ಮಿಶ್ರಣದಲ್ಲಿರುವ ನೀರು ನಿಧಾನವಾಗಿ ಹೆಪ್ಪುಗಟ್ಟಿದರೆ ಮಂಜಿನ ಹರಳುಗಳು ದೊಡ್ಡದಾಗಿ ಬೆಳೆದು ಐಸ್‌ಕ್ರೀಂ ಬಾಯಿಯಲ್ಲಿ ಮರಳುಮರಳಾಗುತ್ತದೆ. ಹರಳುಗಳ ಗಾತ್ರ ಸುಮಾರು 50 ಮೈಕ್ರೋಮೀಟರಿಗಿಂತ, ಅಂದರೆ ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗಕ್ಕಿಂತ ಕಡಿಮೆಯಿದ್ದರೆ ನಾಲಿಗೆಗೆ ಅವು ಬಿಡಿಬಿಡಿಯಾಗಿ ತಿಳಿಯುವುದಿಲ್ಲ. ಆದ್ದರಿಂದ ಬಟ್ಟಲಿನ ಗೋಡೆ ಬಹಳ ತಣ್ಣಗಿರಬೇಕು, ಗೋಡೆಗೆ ಹತ್ತಿದ ಪದರವನ್ನು ಅಲಗು ಕ್ಷಣಕ್ಷಣಕ್ಕೂ ಕೆರೆದು ಒಳಕ್ಕೆ ಸೇರಿಸುತ್ತಿರಬೇಕು, ಜೊತೆಗೆ ಒಂದಿಷ್ಟು ಗಾಳಿಯೂ ಬೆರೆಯಬೇಕು. ಕಡೆಯುವ ಕೆಲಸವನ್ನು ಎಲ್ಲ ಯಂತ್ರಗಳೂ ಹೆಚ್ಚುಕಡಿಮೆ ಒಂದೇ ರೀತಿ ಮಾಡುತ್ತವೆ. ತಂಪು ಎಲ್ಲಿಂದ ಬರುತ್ತದೆ ಎಂಬುದರಲ್ಲೇ ಅವುಗಳ ನಡುವಿನ ನಿಜವಾದ ವ್ಯತ್ಯಾಸವಿದೆ. ಕೊಳ್ಳುವವರು ಅಂಗಡಿಯವರನ್ನು ಕೇಳಬೇಕಾದ ಮೊದಲ ಪ್ರಶ್ನೆಯೂ ಅದೇ: ಈ ಯಂತ್ರ ತಾನೇ ತಂಪು ಮಾಡುತ್ತದೆಯೋ, ಬರೀ ಕಡೆಯುತ್ತದೆಯೋ?

ಕಡಿಮೆ ಬೆಲೆಗೆ ಸಿಗುವ ಬಹಳಷ್ಟು ಯಂತ್ರಗಳು ಬರೀ ಕಡೆಯುವಂಥವು. ಇವುಗಳ ಬಟ್ಟಲಿಗೆ ಎರಡು ಗೋಡೆಗಳಿದ್ದು ನಡುವೆ ದ್ರವ ತುಂಬಿರುತ್ತದೆ. ಆ ದ್ರವ ಪೂರ್ತಿ ಹೆಪ್ಪುಗಟ್ಟಿದರೆ ಮಾತ್ರ ಬಟ್ಟಲು ಮಿಶ್ರಣದ ಶಾಖವನ್ನು ಹೀರಿಕೊಳ್ಳಬಲ್ಲದು. ಇದಕ್ಕೆ 16ರಿಂದ 24 ಗಂಟೆ ಬೇಕು. ಬಟ್ಟಲನ್ನು ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿದಾಗ ಒಳಗೆ ದ್ರವ ತುಳುಕುವ ಸದ್ದು ಸ್ವಲ್ಪ ಕೇಳಿಸಿದರೂ ಅದು ಸಿದ್ಧವಾಗಿಲ್ಲವೆಂದೇ ಅರ್ಥ. ಅಂಥ ಬಟ್ಟಲಿಗೆ ಮಿಶ್ರಣ ಸುರಿದರೆ ಅರ್ಧ ಗಂಟೆ ತಿರುಗಿದ ಮೇಲೂ ಕೈಗೆ ಸಿಗುವುದು ತಣ್ಣನೆಯ ಹಾಲೇ. ರಾತ್ರಿಯೆಲ್ಲ ಕರೆಂಟ್ ಹೋಗಿಬಂದು ಮಾಡುವ ಊರುಗಳಲ್ಲಿ ಆ ಗಂಟೆಗಳ ಲೆಕ್ಕವೂ ತಪ್ಪುತ್ತದೆ. ಇನ್ನು ಒಂದು ಸಲ ಕಡೆದ ಬಟ್ಟಲನ್ನು ಮತ್ತೆ ಫ್ರೀಜರಿಗೆ ಇಟ್ಟು ಮರುದಿನದವರೆಗೆ ಕಾಯಬೇಕಾಗುವುದರಿಂದ, ಮನೆ ತುಂಬ ನೆಂಟರಿರುವ ಹಬ್ಬದ ದಿನಕ್ಕೆ ಇದು ಸಾಲುವುದಿಲ್ಲ. ಆದರೂ ಫ್ರೀಜರ್ ಚೆನ್ನಾಗಿರುವ ನಾಲ್ಕು ಜನರ ಮನೆಗೆ ಇದಕ್ಕಿಂತ ಹೆಚ್ಚಿನ ಯಂತ್ರದ ಅಗತ್ಯವಿಲ್ಲ ಎಂಬುದು ನನ್ನ ದೃಢ ಅಭಿಪ್ರಾಯ.

ಫ್ರೀಜರ್ ಚೆನ್ನಾಗಿದೆಯೇ ಎಂದು ತಿಳಿಯುವುದು ಕಷ್ಟವೇನಲ್ಲ. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿರುವ ಬಿಇಇ (ಕೇಂದ್ರದ ಇಂಧನ ದಕ್ಷತಾ ಬ್ಯೂರೊ) ನಕ್ಷತ್ರಗಳು ವಿದ್ಯುತ್ ಉಳಿತಾಯವನ್ನು ತಿಳಿಸುತ್ತವೆಯೇ ಹೊರತು ಫ್ರೀಜರ್ ಎಷ್ಟು ತಣ್ಣಗಾಗುತ್ತದೆ ಎಂಬುದನ್ನಲ್ಲ. ಈ ಗೊಂದಲದಿಂದ ಐದು ನಕ್ಷತ್ರದ ಫ್ರಿಜ್ ಇರುವವರೂ ಮೋಸಹೋಗುತ್ತಾರೆ. ಮೈನಸ್ 30ರವರೆಗೆ ತೋರಿಸುವ ಫ್ರಿಜ್ ಥರ್ಮಾಮೀಟರನ್ನು ಒಂದು ರಾತ್ರಿ ಫ್ರೀಜರಿನ ಒಳಬದಿಯಲ್ಲಿ ಇಟ್ಟು ನೋಡಬಹುದು. ಅದಿಲ್ಲದಿದ್ದರೆ ಅಂಗಡಿಯಿಂದ ತಂದ ಐಸ್‌ಕ್ರೀಂ ಡಬ್ಬಿಯನ್ನು ರಾತ್ರಿಯಿಡೀ ಅಲ್ಲಿಟ್ಟು, ಬೆಳಿಗ್ಗೆ ಚಮಚ ಸಲೀಸಾಗಿ ಇಳಿಯುತ್ತದೆಯೇ ಎಂದು ಪರೀಕ್ಷಿಸಿದರೂ ಸಾಕು. ಸಲೀಸಾಗಿ ಇಳಿದರೆ ಆ ಫ್ರೀಜರ್ ಇಂಥ ಬಟ್ಟಲಿಗೆ ಒಗ್ಗುವುದಿಲ್ಲ. ಆಮೇಲೆ ಅಳತೆಪಟ್ಟಿ ಹಿಡಿದು ಫ್ರೀಜರಿನ ಒಳಗಿನ ಎತ್ತರವನ್ನು ಬರೆದಿಟ್ಟುಕೊಳ್ಳಿ. ಬಟ್ಟಲು ನೇರವಾಗಿ ನಿಲ್ಲಬೇಕು, ಸುತ್ತ ತಣ್ಣನೆಯ ಗಾಳಿ ಆಡಬೇಕು.

ತಾನೇ ತಂಪು ಮಾಡುವ ಯಂತ್ರದೊಳಗೆ ಫ್ರಿಜ್ಜಿನಲ್ಲಿರುವಂಥದೇ ಕಂಪ್ರೆಸರ್ ಇರುತ್ತದೆ. ಒಂದರ ಹಿಂದೊಂದು ಎಷ್ಟು ಸಲ ಬೇಕಾದರೂ ಕಡೆಯಬಹುದು, ಮೊದಲೇ ಏನನ್ನೂ ಫ್ರೀಜರಿಗೆ ಇಡಬೇಕಾಗಿಲ್ಲ. ಆದರೆ ಬೆಲೆ ಹಲವು ಪಟ್ಟು ಹೆಚ್ಚು, ತೂಕ ಹತ್ತು ಕಿಲೋಗ್ರಾಂ ದಾಟುವುದುಂಟು, ಆದ್ದರಿಂದ ಅಡುಗೆಕಟ್ಟೆಯ ಮೇಲೆ ಇದಕ್ಕೆ ಕಾಯಂ ಜಾಗ ಬೇಕು. ಸಾಗಿಸುವಾಗ ಓರೆಯಾಗಿದ್ದರೆ, ಮನೆಗೆ ತಂದ ಮೇಲೆ ಕೈಪಿಡಿ ಹೇಳುವಷ್ಟು ಹೊತ್ತು ನೆಟ್ಟಗೆ ನಿಲ್ಲಿಸಿಯೇ ಚಾಲೂ ಮಾಡಬೇಕು. ಹತ್ತಿರದ ಊರಿನಲ್ಲಿ ದುರಸ್ತಿ ಮಾಡುವವರು ಇದ್ದಾರೆಯೇ ಎಂದು ವಿಚಾರಿಸದೆ ಇದನ್ನು ಕೊಳ್ಳುವುದು ಸರಿಯಲ್ಲ.

ಅಮೆರಿಕದಲ್ಲಿರುವ ಮಕ್ಕಳು ಊರಿಗೆ ಬರುವಾಗ ಪ್ರೀತಿಯಿಂದ ಇಂಥ ಯಂತ್ರಗಳನ್ನು ಹೊತ್ತು ತರುವುದುಂಟು. ಅಲ್ಲಿನ ವಿದ್ಯುತ್ 120 ವೋಲ್ಟ್, 60 ಹರ್ಟ್ಸ್ (ಅಂದರೆ ಸೆಕೆಂಡಿಗೆ 60 ಆವರ್ತನ). ನಮ್ಮದು 230 ವೋಲ್ಟ್, 50 ಹರ್ಟ್ಸ್. ಟ್ರಾನ್ಸ್‌ಫಾರ್ಮರ್ ಹಾಕಿದರೆ ವೋಲ್ಟೇಜ್ ಇಳಿಯುತ್ತದೆ, ಹರ್ಟ್ಸ್ ಬದಲಾಗುವುದಿಲ್ಲ. ಹೀಗಾಗಿ ಕೆಲವು ಬಗೆಯ ಮೋಟಾರುಗಳು ನಿಧಾನವಾಗಿ ತಿರುಗುತ್ತವೆ, ಕಂಪ್ರೆಸರ್ ಅತಿಯಾಗಿ ಬಿಸಿಯಾಗುವ ಅಪಾಯವೂ ಇದೆ. ದೂರದಿಂದ ತರುವವರು ಯಂತ್ರದ ತಳದ ಪಟ್ಟಿಯಲ್ಲಿ ಈ ಎರಡೂ ಅಂಕಿಗಳನ್ನು ನೋಡಿಯೇ ತರಲಿ.

ಮಂಜುಗಡ್ಡೆ ಮತ್ತು ಉಪ್ಪು ತುಂಬಿ ಕೈಯಿಂದ ತಿರುಗಿಸುವ ಡಬ್ಬಿಯನ್ನು ಹಳೆಯದೆಂದು ಮೂಲೆಗೊತ್ತುವುದು ನನಗೆ ಒಪ್ಪಿಗೆಯಿಲ್ಲ. ಅಮೆರಿಕದ ನ್ಯಾನ್ಸಿ ಜಾನ್ಸನ್ ಎಂಬ ಮಹಿಳೆ 1843ರಲ್ಲಿ ಪೇಟೆಂಟ್ ಪಡೆದ ವಿನ್ಯಾಸದ ಮೂಲತತ್ತ್ವ ಇಂದಿಗೂ ಹಾಗೆಯೇ ಉಳಿದಿದೆ. ಮೂರು ಪಾಲು ಪುಡಿ ಮಂಜುಗಡ್ಡೆಗೆ ಒಂದು ಪಾಲು ಹರಳುಪ್ಪು ಬೆರೆಸಿದರೆ ಉಪ್ಪುನೀರು ಸೊನ್ನೆ ಡಿಗ್ರಿಗಿಂತ ಬಹಳ ಕೆಳಕ್ಕೆ ಇಳಿಯುತ್ತದೆ. ಸಿದ್ಧಾಂತದ ಮಟ್ಟಿಗೆ ಮೈನಸ್ 21 ಡಿಗ್ರಿಯವರೆಗೂ ಇಳಿಯಬಹುದು. ಕರೆಂಟ್ ಇಲ್ಲದಿದ್ದರೂ ಕೆಲಸ ನಿಲ್ಲುವುದಿಲ್ಲ, ಫ್ರೀಜರಿನ ಗೊಡವೆಯೂ ಇಲ್ಲ, ಮಂಜುಗಡ್ಡೆ ಸಿಕ್ಕರೆ ಸಾಕು. ಶ್ರಮವಿದೆ, ನಿಜ. ಉಪ್ಪುನೀರು ಒಳಡಬ್ಬಿಗೆ ಸೇರದಂತೆ ಮುಚ್ಚಳ ಬಿಗಿಯಾಗಿರಬೇಕು. ಕೊನೆಗೆ ಉಳಿಯುವ ನೀರನ್ನು ಗಿಡದ ಬುಡಕ್ಕೆ ಚೆಲ್ಲಬಾರದು. ಗಟ್ಟಿಯಾಗಿ ಹೆಪ್ಪುಗಟ್ಟಿಸಿದ ಮಿಶ್ರಣವನ್ನು ಅಲಗಿನಿಂದ ತುರಿಯುವ ಹೊಸ ಬಗೆಯ ಯಂತ್ರಗಳಿಗೂ ಮೊದಲೇ ಇಡೀ ದಿನದ ಫ್ರೀಜರ್ ಬೇಕು, ಅವುಗಳ ಸದ್ದೂ ಹೆಚ್ಚು. ಕುಲ್ಫಿಯಷ್ಟೇ ಬೇಕೆನ್ನುವವರಿಗೆ ಯಾವ ಯಂತ್ರವೂ ಬೇಡ. ಹಾಲನ್ನು ಚೆನ್ನಾಗಿ ಬತ್ತಿಸಿ ಅಚ್ಚಿಗೆ ಹೊಯ್ದರಾಯಿತು.

ಪೆಟ್ಟಿಗೆಯ ಮೇಲಿನ ಲೀಟರ್ ಲೆಕ್ಕವನ್ನೂ ಎಚ್ಚರಿಕೆಯಿಂದ ಓದಬೇಕು. ಅರ್ಧ ಲೀಟರ್ ಗಟ್ಟಿ ಹಾಲು, 250 ಗ್ರಾಂ ಪ್ಯಾಕೆಟ್ ಕ್ರೀಮ್, 120 ಗ್ರಾಂ ಸಕ್ಕರೆ ಸೇರಿಸಿದರೆ ಮಿಶ್ರಣ ಸುಮಾರು 800 ಮಿಲಿಲೀಟರ್ ಆಗುತ್ತದೆ. ಹಾಲಿನಲ್ಲಿ ಶೇ 6, ಕ್ರೀಮಿನಲ್ಲಿ ಶೇ 25 ಕೊಬ್ಬು ಇದ್ದರೆ ಒಟ್ಟು ಮಿಶ್ರಣದಲ್ಲಿ ಶೇ 10ಕ್ಕಿಂತ ತುಸು ಹೆಚ್ಚು ಹಾಲಿನ ಕೊಬ್ಬು ಇರುತ್ತದೆ. ಕೇಂದ್ರದ ಆಹಾರ ಸುರಕ್ಷತಾ ನಿಯಮಗಳು ‘ಐಸ್‌ಕ್ರೀಂ’ ಎಂಬ ಹೆಸರಿಗೆ ಕೇಳುವ ಕನಿಷ್ಠ ಪ್ರಮಾಣವೂ ಶೇ 10ರಷ್ಟೇ. ಸಸ್ಯಜನ್ಯ ಕೊಬ್ಬು ಬಳಸಿದ್ದನ್ನು ‘ಫ್ರೋಜನ್ ಡೆಸರ್ಟ್’ ಎಂದು ಮಾರಬೇಕು. ಗಾಳಿ ಬೆರೆತು ಉಬ್ಬಲು ಬಟ್ಟಲಿನ ಮೂರನೇ ಒಂದು ಭಾಗ ಖಾಲಿ ಬಿಡಬೇಕಾದ್ದರಿಂದ ಇಷ್ಟು ಮಿಶ್ರಣಕ್ಕೆ ಒಂದು ಲೀಟರಿನ ಬಟ್ಟಲು ಸಾಲದು, ಒಂದೂಕಾಲು ಲೀಟರ್ ಆದರೂ ಬೇಕು. ಬಾದಾಮಿಯೋ ರಸಪುರಿಯೋ ಮಾವಿನ ತಿರುಳು ಸೇರಿಸುವವರು ಅದನ್ನೂ ಲೆಕ್ಕ ಹಿಡಿಯಬೇಕು.

ಈ ಎಲ್ಲ ಲೆಕ್ಕವನ್ನು ಗ್ರಾಹಕರೊಬ್ಬರ ಮೇಲೆಯೇ ಹೊರಿಸುವುದು ನ್ಯಾಯವಲ್ಲ. ಬೇಕಾದ ಫ್ರೀಜರ್ ತಾಪಮಾನ ಮತ್ತು ಗಂಟೆಗಳು, ಬಟ್ಟಲಿನ ಎತ್ತರ ಮತ್ತು ಅಗಲ, ಒಂದು ಸಲಕ್ಕೆ ಸುರಿಯಬಹುದಾದ ಮಿಶ್ರಣದ ಪ್ರಮಾಣ, ಇವನ್ನು ತಯಾರಕರು ಪೆಟ್ಟಿಗೆಯ ಹೊರಮೈಯಲ್ಲಿ, ಬೆಲೆಯಷ್ಟೇ ಸ್ಪಷ್ಟವಾಗಿ, ಕನ್ನಡದಲ್ಲೂ ಮುದ್ರಿಸಬೇಕು. ಆನ್‌ಲೈನ್ ಮಾರಾಟಗಾರರು ಚಿತ್ರದ ಪಕ್ಕದಲ್ಲೇ ನಮೂದಿಸಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ಮುಖ್ಯ ಮಾಹಿತಿಯನ್ನು ಬೇಕೆಂದೇ ಮರೆಮಾಚುವ ಜಾಹೀರಾತನ್ನು ದಾರಿತಪ್ಪಿಸುವ ಜಾಹೀರಾತೆಂದೇ ಪರಿಗಣಿಸುತ್ತದೆ. ಹಾಗೆ ಮೋಸಹೋದವರು ರಸೀದಿ ಮತ್ತು ಜಾಹೀರಾತಿನ ಪ್ರತಿ ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ತಮ್ಮ ಪತ್ರಿಕೆಯೂ ಇಂಥ ಜಾಹೀರಾತುಗಳನ್ನು ಸ್ವೀಕರಿಸುವಾಗ ಫ್ರೀಜರಿನ ಷರತ್ತನ್ನು ಕಾಣುವ ಅಕ್ಷರದಲ್ಲಿ ಹಾಕುವಂತೆ ಜಾಹೀರಾತುದಾರರನ್ನು ಕೇಳಬೇಕೆಂದು ವಿನಂತಿಸುತ್ತೇನೆ.

– ಓದುಗರೊಬ್ಬರು, ದಾವಣಗೆರೆ